ಗೆಟ್ ಅಂದರೆ ಏನು? ಒಂದು ಪುಟ್ಟ ಕ್ರಿಯಾಪದವನ್ನು ಪಳಗಿಸುವ ದಾರಿ

ಇಂಗ್ಲಿಷ್ ಕಲಿಯುವವರು ಬಿಟ್ಟೂ ಬಿಡದೆ ಕೇಳುವ ಪ್ರಶ್ನೆ ಇದು: "ಗೆಟ್ ಪದಕ್ಕೆ ಕನ್ನಡದಲ್ಲಿ ಅರ್ಥ ಏನು?" 'ಪಡೆ' ಅಂತ ಹೇಳಿದರೆ ಒಂದು ದಿನ ಸಮಾಧಾನ. ಮರುದಿನ ಅವರೇ ವಾಪಸ್ ಬರುತ್ತಾರೆ. "ಹಾಗಾದರೆ 'ಗೆಟ್ ಲಾಸ್ಟ್' ಅಂದರೆ ಕಳೆದುಹೋದದ್ದನ್ನು ಪಡೆ ಅಂತಲಾ?"

ಅವರ ತಪ್ಪೇನಿಲ್ಲ. ನಮ್ಮ 'ಹೊಡೆ' ಪದವನ್ನೇ ನೋಡಿ. ಮೊಳೆ ಹೊಡೆಯುತ್ತೇವೆ, ಬಣ್ಣ ಹೊಡೆಯುತ್ತೇವೆ, ಕಾಪಿ ಹೊಡೆಯುತ್ತೇವೆ, ಗೊರಕೆ ಹೊಡೆಯುತ್ತೇವೆ. ಗೊರಕೆ ಹೊಡೆದರೆ ಯಾರಿಗೂ ಪೆಟ್ಟು ಬೀಳಲ್ಲ, ಅಲ್ವಾ? ಅಲ್ಲಿ ಅರ್ಥದ ಭಾರ ಹೊತ್ತಿರುವುದು 'ಗೊರಕೆ'. 'ಹೊಡೆ' ಜೊತೆಗೆ ಬಂದಿದೆ ಅಷ್ಟೇ. ಗೆಟ್ ಕೂಡ ಇದೇ ಜಾತಿ. ಕನ್ನಡದಲ್ಲಿ ಸುಳಿವು ಕ್ರಿಯಾಪದಕ್ಕಿಂತ ಮೊದಲು ಬರುತ್ತದೆ, ಇಂಗ್ಲಿಷಿನಲ್ಲಿ ಆಮೇಲೆ ಬರುತ್ತದೆ. ಆದ್ದರಿಂದ ಗೆಟ್ ಕಂಡಾಗ ಗೆಟ್ ಅನ್ನು ನೋಡಬೇಡಿ. ಅದರ ಪಕ್ಕದಲ್ಲಿ ಕೂತಿರುವ ಪದವನ್ನು ನೋಡಿ. ಈ ಲೇಖನದಲ್ಲಿ ಇರುವುದೆಲ್ಲ ಈ ಒಂದು ಮಾತಿನ ವಿಸ್ತರಣೆ.

ಶುರು ಮಾಡುವ ಮೊದಲು ಏನು ಬೇಕು?

ಒಂದು ನೋಟ್‌ಬುಕ್, ಮತ್ತು ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ನಿಘಂಟು. ಇಂಥವನ್ನು ಲರ್ನರ್ಸ್ ಡಿಕ್ಷನರಿ ಅನ್ನುತ್ತಾರೆ. ಇವುಗಳಲ್ಲಿ ಪ್ರತಿ ಅರ್ಥಕ್ಕೂ ಒಂದು ವಾಕ್ಯ ಕೊಟ್ಟಿರುತ್ತಾರೆ. ಎಸ್-ಬಿ, ಎಸ್-ಟಿ-ಎಚ್ ಅನ್ನುವ ಎರಡು ಗುಟ್ಟಿನ ಗುರುತುಗಳೂ ಇರುತ್ತವೆ. ಮೊದಲನೆಯದು 'ಸಮ್‌ಬಡಿ', ಅಂದರೆ ಅಲ್ಲಿ ವ್ಯಕ್ತಿ ಬರಬೇಕು. ಎರಡನೆಯದು 'ಸಮ್‌ಥಿಂಗ್', ಅಂದರೆ ವಸ್ತು ಬರಬೇಕು. ಬಹಳ ಜನ ಇವನ್ನು ಓದದೆ ಹಾರಿಸಿಬಿಡುತ್ತಾರೆ. ಗೆಟ್ ವಿಷಯದಲ್ಲಿ ಅರ್ಧ ಉತ್ತರ ಅಲ್ಲೇ ಇರುತ್ತದೆ.

ಹೆಜ್ಜೆ 1: ರೂಪಗಳನ್ನು ಗುರುತಿಸಿ

ವರ್ತಮಾನಕ್ಕೆ ಗೆಟ್, ಭೂತಕಾಲಕ್ಕೆ ಗಾಟ್. ಮೂರನೆಯ ರೂಪ ಬ್ರಿಟಿಷ್ ಇಂಗ್ಲಿಷಿನಲ್ಲಿ ಗಾಟ್, ಅಮೆರಿಕನ್ ಇಂಗ್ಲಿಷಿನಲ್ಲಿ ಹೆಚ್ಚಾಗಿ ಗಾಟನ್. 'ಗಾಟನ್' ತಪ್ಪು ಅಂತ ಕೆಲವರು ತಿದ್ದುತ್ತಾರೆ. ಅದು ತಪ್ಪಲ್ಲ, ಇಂಗ್ಲೆಂಡಿನಲ್ಲೇ ಇದ್ದ ಹಳೆಯ ರೂಪ. ಅಲ್ಲಿ ಸವೆದುಹೋಯಿತು, ಅಮೆರಿಕದಲ್ಲಿ ಉಳಿಯಿತು. 'ಫಾರ್ಗಾಟನ್' ಅನ್ನುವಾಗ ಎಲ್ಲರ ಬಾಯಲ್ಲೂ ಅದು ಇನ್ನೂ ಬದುಕಿದೆ.

ಇಲ್ಲಿ ಕಾಲು ಜಾರುವ ಜಾಗ ಒಂದಿದೆ. 'ಹ್ಯಾವ್ ಗಾಟ್' ಜೋಡಿಯಾಗಿ ಬಂದರೆ ಸಾಮಾನ್ಯವಾಗಿ 'ಇದೆ' ಅಂತ ಅರ್ಥ, 'ಸಿಕ್ಕಿದೆ' ಅಂತಲ್ಲ. "ಐ ಹ್ಯಾವ್ ಗಾಟ್ ಟೂ ಬ್ರದರ್ಸ್" ಅಂದರೆ ನನಗೆ ಇಬ್ಬರು ಅಣ್ಣತಮ್ಮಂದಿರಿದ್ದಾರೆ. ಎಲ್ಲೋ ಕಳೆದುಹೋಗಿ ಈಗ ಸಿಕ್ಕಿದ್ದಾರೆ ಅಂತಲ್ಲ. ಅಮೆರಿಕದವರಿಗೆ ಈ ಗೊಂದಲ ಕಡಿಮೆ. "ಹ್ಯಾವ್ ಗಾಟ್ ಎ ಟಿಕೆಟ್" ಅಂದರೆ ಟಿಕೆಟ್ ಇದೆ, "ಹ್ಯಾವ್ ಗಾಟನ್ ಎ ಟಿಕೆಟ್" ಅಂದರೆ ಟಿಕೆಟ್ ಸಿಕ್ಕಿದೆ.

ಹೆಜ್ಜೆ 2: ಪಕ್ಕದಲ್ಲಿ ನಾಮಪದ ಇದ್ದರೆ 'ಸಿಗು' ಹಾಕಿ ನೋಡಿ

ನಾಮಪದ ಅಂದರೆ ವಸ್ತು, ವ್ಯಕ್ತಿ, ವಿಷಯದ ಹೆಸರು. ಗೆಟ್ ಆದಮೇಲೆ ಹೆಸರು ಬಂದರೆ ಕನ್ನಡದಲ್ಲಿ ಮೊದಲು ಪ್ರಯತ್ನಿಸಬೇಕಾದದ್ದು 'ಸಿಗು' ಅಥವಾ 'ಬರು'.

"ಐ ಗಾಟ್ ಎ ಲೆಟರ್." ನನಗೆ ಒಂದು ಪತ್ರ ಬಂತು.
"ಶೀ ಗಾಟ್ ಎ ಜಾಬ್." ಅವಳಿಗೆ ಕೆಲಸ ಸಿಕ್ಕಿತು.
"ಹೀ ಗಾಟ್ ಎ ಫೀವರ್." ಅವನಿಗೆ ಜ್ವರ ಬಂತು.

ಮೂರರಲ್ಲೂ ಒಂದು ವಿಷಯ ಗಮನಿಸಿ. ಇಂಗ್ಲಿಷಿನಲ್ಲಿ 'ನಾನು' ಕರ್ತೃ, ಅಂದರೆ ಕೆಲಸದ ಒಡೆಯ. ಕನ್ನಡದಲ್ಲಿ 'ನನಗೆ'. ಬಂದದ್ದು ಪತ್ರ, ನಾನು ಸುಮ್ನೆ ಇದ್ದೆ. ಇಂಗ್ಲಿಷ್ ಮಾತ್ರ ಸುಮ್ನೆ ಇದ್ದವನನ್ನೂ ಎತ್ತಿ ವಾಕ್ಯದ ತಲೆಯ ಮೇಲೆ ಕೂರಿಸುತ್ತದೆ. ನಮ್ಮ 'ನನಗೆ' ವಾಕ್ಯಗಳಲ್ಲಿ ಬಹಳಷ್ಟು ಇಂಗ್ಲಿಷಿಗೆ ಹೋಗುವುದು ಗೆಟ್ ಎಂಬ ಸೇತುವೆ ಮೇಲೆಯೇ. 'ನನಗೆ' ಎಂದು ಶುರುವಾದ ವಾಕ್ಯ ಇಂಗ್ಲಿಷಿನಲ್ಲಿ ಹೊಳೆಯದಿದ್ದರೆ 'ಐ ಗಾಟ್' ಅಂತ ಶುರು ಮಾಡಿ ನೋಡಿ. ಬಹಳ ಸಲ ದಾರಿ ತೆರೆಯುತ್ತದೆ.

ಆದರೆ ನಾಮಪದ ಬಂದಾಗಲೆಲ್ಲ ತಾನಾಗಿ ಸಿಕ್ಕಿತು ಅಂತಲ್ಲ. "ಗೆಟ್ ಮೀ ಎ ಚೇರ್" ಅಂದರೆ ಕುರ್ಚಿ ತಂದುಕೊಡು. "ಐ ಗಾಟ್ ದಿಸ್ ಶರ್ಟ್ ಯೆಸ್ಟರ್‌ಡೇ" ಅಂದರೆ ಈ ಶರ್ಟ್ ನಿನ್ನೆ ಕೊಂಡೆ, ಇಲ್ಲವೇ ಯಾರೋ ಕೊಟ್ಟರು. ಯಾವುದು ಅಂತ ಸಂದರ್ಭ ಹೇಳಬೇಕು. ಫೋನ್ ರಿಂಗಾದಾಗ "ಐ ವಿಲ್ ಗೆಟ್ ಇಟ್" ಅಂದರೆ ನಾನು ಎತ್ತುತ್ತೇನೆ. ಬಾಗಿಲು ಬಡಿದಾಗ ಅದೇ ಮಾತು ಹೇಳಿದರೆ ನಾನು ತೆಗೆಯುತ್ತೇನೆ ಅಂತ. ಜೋಕ್ ಹೇಳಿದವರಿಗೆ "ಐ ಗೆಟ್ ಇಟ್" ಅಂದರೆ ಅರ್ಥವಾಯಿತು ಅಂತ. ಇದಕ್ಕೆ ಕನ್ನಡದ 'ಹೊಳೀತು' ತುಂಬಾ ಹತ್ತಿರ.

ಎಚ್ಚರಿಕೆ: ಹೇಳಿದ್ದು ಅರ್ಥವಾಗದಿದ್ದಾಗ ನಮ್ಮವರು "ಐ ಡಿಡಂಟ್ ಗೆಟ್ ಯೂ" ಅನ್ನುತ್ತಾರೆ. ನಮ್ಮ ನಡುವೆ ಇದು ನಡೆಯುತ್ತದೆ. ಬೇರೆ ಕಡೆಯವರ ಕಿವಿಗೆ ಇದು 'ನೀನು ಎಂಥವನು ಅಂತ ನನಗೆ ತಿಳಿಯಲಿಲ್ಲ' ಅನ್ನುವ ಹಾಗೆ ಕೇಳಬಹುದು. "ಐ ಡಿಡಂಟ್ ಗೆಟ್ ದ್ಯಾಟ್" ಅನ್ನಿ, ಮುಗೀತು.

ಹೆಜ್ಜೆ 3: ಪಕ್ಕದಲ್ಲಿ ಗುಣವಾಚಕ ಇದ್ದರೆ 'ಆಗು'

ಗುಣವಾಚಕ ಅಂದರೆ ಹೇಗಿದೆ ಅಂತ ಹೇಳುವ ಪದ: ಕೋಲ್ಡ್, ಟೈರ್ಡ್, ಆಂಗ್ರಿ, ಡಾರ್ಕ್. ಇಲ್ಲಿ ಗೆಟ್ ಎಂದರೆ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವುದು. "ಐ ಆಮ್ ಟೈರ್ಡ್" ಅಂದರೆ ಸುಸ್ತಾಗಿದ್ದೇನೆ. "ಐ ಆಮ್ ಗೆಟಿಂಗ್ ಟೈರ್ಡ್" ಅಂದರೆ ಸುಸ್ತಾಗುತ್ತಾ ಇದೆ, ಇನ್ನೂ ಪೂರ್ತಿ ಆಗಿಲ್ಲ. 'ಗೆಟ್ ಲಾಸ್ಟ್' ಕೂಡ ಇದೇ ಸಾಲಿನದು. ದಾರಿ ತಪ್ಪು ಅಂತ ನೇರ ಅರ್ಥ, ಸಿಟ್ಟಿನಲ್ಲಿ ಹೇಳಿದರೆ 'ತೊಲಗು'.

ಕನ್ನಡಿಗರು ಅತಿ ಹೆಚ್ಚು ಎಡವುವ ಹೆಜ್ಜೆ ಇದು. ಸ್ವಲ್ಪ ಹೊತ್ತು ಇಲ್ಲೇ ನಿಲ್ಲೋಣ.

'ನನಗೆ ನಿದ್ದೆ ಬರ್ತಿದೆ' ಅನ್ನುವುದನ್ನು "ಐ ಆಮ್ ಗೆಟಿಂಗ್ ಸ್ಲೀಪ್" ಅಂತ ಹೇಳುವವರು ಜಾಸ್ತಿ. ನಮ್ಮಲ್ಲಿ ನಿದ್ದೆ ಎಂಬುದು ಎಲ್ಲಿಂದಲೋ ನಡೆದು ಬರುವ ವಸ್ತು. ಇಂಗ್ಲಿಷಿನಲ್ಲಿ ಅದು ನನ್ನ ಸ್ಥಿತಿ. ಹಾಗಾಗಿ ಸ್ಲೀಪ್ ಅಲ್ಲ, ಸ್ಲೀಪಿ: "ಐ ಆಮ್ ಗೆಟಿಂಗ್ ಸ್ಲೀಪಿ." ಕೋಪವೂ ಹಾಗೆ. 'ಕೋಪ ಬಂತು' ಅನ್ನಲು "ಐ ಗಾಟ್ ಆಂಗರ್" ಅಲ್ಲ, "ಐ ಗಾಟ್ ಆಂಗ್ರಿ." ಹಾಗಾದರೆ ಜ್ವರ? ಜ್ವರವನ್ನು ಇಂಗ್ಲಿಷ್ ವಸ್ತುವಾಗಿಯೇ ಎಣಿಸುತ್ತದೆ, ಅದಕ್ಕೇ "ಗಾಟ್ ಎ ಫೀವರ್" ಸರಿ. ಜ್ವರ, ತಲೆನೋವು, ಶೀತಕ್ಕೆ ನಾಮಪದ. ನಿದ್ದೆ, ಕೋಪ, ಹಸಿವು, ಬಾಯಾರಿಕೆಗೆ ಗುಣವಾಚಕ. ಈ ಎರಡು ಗುಂಪನ್ನು ನೋಟ್‌ಬುಕ್ಕಿನಲ್ಲಿ ಎದುರುಬದುರು ಬರೆದುಕೊಳ್ಳಿ.

ತಲೆನೋವಿನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ನೋವು ಈಗಾಗಲೇ ಇದ್ದರೆ "ಐ ಹ್ಯಾವ್ ಎ ಹೆಡೇಕ್." ಈಗ ಶುರುವಾಗುತ್ತಿದ್ದರೆ ಮಾತ್ರ "ಐ ಆಮ್ ಗೆಟಿಂಗ್ ಎ ಹೆಡೇಕ್." ನಡುವಿನ 'ಎ' ಬಿಡಬೇಡಿ.

ಇನ್ನು 'ಬೋರ್ ಆಗ್ತಿದೆ'. ಅವಸರದಲ್ಲಿ "ಐ ಆಮ್ ಗೆಟಿಂಗ್ ಬೋರಿಂಗ್" ಅಂದರೆ ಏನಾಗುತ್ತದೆ ಗೊತ್ತಾ? 'ನಾನು ಬೋರ್ ಹೊಡೆಸುವ ಮನುಷ್ಯ ಆಗ್ತಿದ್ದೇನೆ' ಅಂತ. ಎದುರಿಗಿದ್ದವರು ನಕ್ಕು ಹೌದು ಅಂದರೆ ಕಷ್ಟ. ಬೇಜಾರು ಅನುಭವಿಸುವವರು ಬೋರ್ಡ್, ಬೇಜಾರು ಹುಟ್ಟಿಸುವವರು ಬೋರಿಂಗ್. ಕನ್‌ಫ್ಯೂಸ್ಡ್ ಮತ್ತು ಕನ್‌ಫ್ಯೂಸಿಂಗ್, ಟೈರ್ಡ್ ಮತ್ತು ಟೈರಿಂಗ್ ಜೋಡಿಗಳಿಗೂ ಇದೇ ಲೆಕ್ಕ.

ಕೊನೆಯ ಬಲೆ: 'ಆಗು' ಕಂಡಲ್ಲೆಲ್ಲ ಗೆಟ್ ಹಾಕಬೇಡಿ. 'ಅವಳು ಡಾಕ್ಟರ್ ಆದಳು' ಅನ್ನಲು "ಶೀ ಗಾಟ್ ಎ ಡಾಕ್ಟರ್" ಅಂದರೆ ಅವಳು ಡಾಕ್ಟರನ್ನು ಕರೆತಂದಳು ಅಂತ ಆಗುತ್ತದೆ. ಡಾಕ್ಟರ್ ನಾಮಪದ, ಹೆಜ್ಜೆ 2ರ ಲೆಕ್ಕ ಬಂದುಬಿಡುತ್ತದೆ. ಅಲ್ಲಿ ಬಿಕೇಮ್ ಬೇಕು.

ಹೆಜ್ಜೆ 4: ಪಕ್ಕದಲ್ಲಿ ಜಾಗ ಇದ್ದರೆ 'ತಲುಪು'

ಇದು ಸುಲಭ. "ವೀ ಗಾಟ್ ಟು ದಿ ಸ್ಟೇಷನ್ ಅಟ್ ಟೆನ್." ಹತ್ತಕ್ಕೆ ಸ್ಟೇಷನ್ ತಲುಪಿದೆವು. ನೆನಪಿಡಬೇಕಾದದ್ದು ಒಂದೇ. ಜಾಗದ ಮೊದಲು 'ಟು' ಬೇಕು, ಆದರೆ ಹೋಮ್, ಹಿಯರ್, ದೇರ್ ಮೂರಕ್ಕೂ ಬೇಡ. "ಗೆಟ್ ಹೋಮ್" ಸರಿ, "ಗೆಟ್ ಟು ಹೋಮ್" ತಪ್ಪು. ಗೆಟ್ ಬದಲು ರೀಚ್ ಬಳಸಿದರೆ 'ಟು' ಎಲ್ಲೂ ಬರಲ್ಲ.

ಹೆಜ್ಜೆ 5: 'ಮಾಡಿದೆ' ಅಂತಲೋ, 'ಮಾಡಿಸಿದೆ' ಅಂತಲೋ?

ಕನ್ನಡದಲ್ಲಿ 'ಇಸು' ಎಂಬ ಸೊಗಸಾದ ಪ್ರತ್ಯಯ ಇದೆ. ಪ್ರತ್ಯಯ ಅಂದರೆ ಪದದ ಬಾಲಕ್ಕೆ ಅಂಟುವ ತುಂಡು. ಮಾಡು-ಮಾಡಿಸು, ಬರೆ-ಬರೆಸು, ಹೊಲಿ-ಹೊಲಿಸು. ಕೆಲಸ ನಾನು ಮಾಡಿದೆನೋ, ಬೇರೆಯವರ ಕೈಲಿ ಮಾಡಿಸಿದೆನೋ ಅಂತ ಒಂದೇ ತುಂಡು ಹೇಳಿಬಿಡುತ್ತದೆ. ಇಂಗ್ಲಿಷಿನಲ್ಲಿ ಇಂಥ ಬಾಲ ಇಲ್ಲ. ಆ ಕೆಲಸವನ್ನು ಗೆಟ್ ಮಾಡುತ್ತದೆ.

'ಕೂದಲು ಕಟ್ ಮಾಡಿಸಿದೆ' ಅನ್ನಲು ನಮ್ಮವರು "ಐ ಕಟ್ ಮೈ ಹೇರ್" ಅನ್ನುತ್ತಾರೆ. ಕೇಳಿದವರು ಕನ್ನಡಿ ಮುಂದೆ ಕತ್ತರಿ ಹಿಡಿದು ನಿಂತ ನಿಮ್ಮನ್ನು ಕಲ್ಪಿಸಿಕೊಳ್ಳಬಹುದು. "ಐ ಗಾಟ್ ಮೈ ಹೇರ್ ಕಟ್" ಅಂದರೆ ಮಾಡಿಸಿದ್ದು. ಪದಗಳ ಜಾಗ ಗಮನಿಸಿ: ಗಾಟ್, ಆಮೇಲೆ ವಸ್ತು, ಆಮೇಲೆ ಕ್ರಿಯಾಪದದ ಮೂರನೆಯ ರೂಪ. ಈ ಸಾಲು ಕದಲಿದರೆ ಅರ್ಥವೇ ಕದಲುತ್ತದೆ. "ಐ ಹ್ಯಾಡ್ ಕಟ್ ಮೈ ಹೇರ್" ಅಂದರೆ ಮತ್ತೆ ಕತ್ತರಿ ನಿಮ್ಮ ಕೈಗೇ ಬಂತು.

ವಸ್ತುವಿನ ಬದಲು ವ್ಯಕ್ತಿಯನ್ನು ಹೆಸರಿಸಿದರೆ 'ಟು' ಬರುತ್ತದೆ. "ಐ ಗಾಟ್ ಹಿಮ್ ಟು ಸೈನ್." ಅವನ ಕೈಲಿ ಸಹಿ ಮಾಡಿಸಿದೆ. ಇದರಲ್ಲಿ ಸ್ವಲ್ಪ ಒಪ್ಪಿಸಿದ, ಪುಸಲಾಯಿಸಿದ ಛಾಯೆ ಇದೆ. ಬಲವಂತ ಮಾಡಿದ್ದರೆ "ಐ ಮೇಡ್ ಹಿಮ್ ಸೈನ್", ಇಲ್ಲಿ 'ಟು' ಇಲ್ಲ. ನಮ್ಮ 'ಮಾಡಿಸಿದೆ' ಎರಡಕ್ಕೂ ಹೊಂದುವುದರಿಂದ ಯಾವುದು ಅಂತ ನೀವೇ ತೀರ್ಮಾನಿಸಬೇಕು.

ಇದೇ ಸಾಲು ಕೆಲವೊಮ್ಮೆ ಉಲ್ಟಾ ಹೊಡೆಯುತ್ತದೆ. "ಹೀ ಗಾಟ್ ಹಿಸ್ ಫಿಂಗರ್ ಕಾಟ್ ಇನ್ ದಿ ಡೋರ್." ಯಾರಾದರೂ ದುಡ್ಡು ಕೊಟ್ಟು ಬೆರಳನ್ನು ಬಾಗಿಲಿಗೆ ಸಿಕ್ಕಿಸಿಕೊಳ್ಳುತ್ತಾರಾ? ಇಲ್ಲಿ 'ಇಸು' ಅಲ್ಲ, 'ಕೊಳ್ಳು': ಬೆರಳು ಸಿಕ್ಕಿಸಿಕೊಂಡ. ಬೇಕೂಂತ ಮಾಡಿಸಿದ್ದೋ, ಆಕಸ್ಮಿಕವೋ ಅನ್ನುವುದು ಸಾಮಾನ್ಯ ಬುದ್ಧಿಗೆ ಬಿಟ್ಟದ್ದು.

ನಡುವೆ ವಸ್ತುವೇ ಇಲ್ಲದೆ ಗೆಟ್ ಪಕ್ಕ ನೇರವಾಗಿ ಮೂರನೆಯ ರೂಪ ಬಂದರೆ ಕರ್ಮಣಿ ಪ್ರಯೋಗದ ಹಾಗೆ, ಅಂದರೆ ಯಾರು ಮಾಡಿದರು ಅಂತ ಹೇಳದೆ ಏನಾಯಿತು ಅಂತ ಮಾತ್ರ ಹೇಳುವುದು. "ದಿ ವಿಂಡೋ ವಾಸ್ ಬ್ರೋಕನ್" ಅಂದರೆ ಕಿಟಕಿ ಮೊದಲೇ ಒಡೆದಿತ್ತು ಅಂತಲೂ ಆಗಬಹುದು. "ದಿ ವಿಂಡೋ ಗಾಟ್ ಬ್ರೋಕನ್" ಅಂದರೆ ಒಡೆದುಹೋಯಿತು. ನಮ್ಮ 'ಹೋಗು' ಮಾಡುವ ಕೆಲಸವನ್ನೇ ಗಾಟ್ ಇಲ್ಲಿ ಮಾಡುತ್ತಿದೆ. "ಐ ಗಾಟ್ ಬಾರ್ನ್" ಅಂತ ಮಾತ್ರ ಯಾವತ್ತೂ ಹೇಳಬೇಡಿ. ಹುಟ್ಟಿಗೆ "ಐ ವಾಸ್ ಬಾರ್ನ್" ಒಂದೇ ದಾರಿ. ಮದುವೆಗೆ "ಗಾಟ್ ಮ್ಯಾರೀಡ್ ಟು", 'ವಿತ್' ಅಲ್ಲ.

ಹೆಜ್ಜೆ 6: 'ಗೆಟ್ ಟು' ಆದಮೇಲೆ ಕ್ರಿಯಾಪದ ಬಂದರೆ

"ಐ ಗಾಟ್ ಟು ಸೀ ದಿ ಸೀ." ಸಮುದ್ರ ನೋಡುವ ಅವಕಾಶ ಸಿಕ್ಕಿತು. ಇದು ಸಂತೋಷದ ಮಾತು. ಆದರೆ 'ಹ್ಯಾವ್' ಸೇರಿಸಿ "ಐ ಹ್ಯಾವ್ ಗಾಟ್ ಟು ಗೋ" ಅಂದರೆ ಹೋಗಲೇಬೇಕು, ಬೇರೆ ದಾರಿ ಇಲ್ಲ. ಆಡುಮಾತಿನಲ್ಲಿ ಆ 'ಹ್ಯಾವ್' ಬಿದ್ದುಹೋಗಿ "ಐ ಗಾಟ್ ಟು ಗೋ" ಅಂತ ಮಾತ್ರ ಕೇಳಿಸುತ್ತದೆ. ಆಗ ಅವಕಾಶವೋ, ಬಲವಂತವೋ ಅಂತ ಹೇಳುವವರ ಮುಖ ನೋಡಿ ತಿಳಿಯಬೇಕು.

ನಮ್ಮ 'ವಿಷಯ ತಿಳಿದುಬಂತು' ಅನ್ನುವುದು "ಐ ಗಾಟ್ ಟು ನೋ ದ್ಯಾಟ್..." ಅಂತ ಹೊರಬರುತ್ತದೆ. 'ಗೆಟ್ ಟು ನೋ' ಅಂದರೆ ಒಬ್ಬರ ಪರಿಚಯ ನಿಧಾನವಾಗಿ ಬೆಳೆಯುವುದು. ಸುದ್ದಿ ತಿಳಿದದ್ದಕ್ಕೆ "ಐ ಫೌಂಡ್ ಔಟ್" ಚೆನ್ನಾಗಿರುತ್ತದೆ.

ಹೆಜ್ಜೆ 7: ಪುಟ್ಟ ಬಾಲಗಳು

ಅಪ್, ಆಫ್, ಓವರ್, ಬೈ, ಥ್ರೂ ಇಂಥ ಪುಟ್ಟ ಪದ ಅಂಟಿದರೆ ಗೆಟ್ ಹೊಸ ಅವತಾರ ತಾಳುತ್ತದೆ. ಇಂಗ್ಲಿಷಿನಲ್ಲಿ ಇವಕ್ಕೆ ಫ್ರೇಸಲ್ ವರ್ಬ್ ಅನ್ನುತ್ತಾರೆ. ಎರಡು ತುಂಡು ಸೇರಿ ಒಂದೇ ಕ್ರಿಯಾಪದ ಅಂತ ತಿಳಿಯಿರಿ. ಪಟ್ಟಿ ಉದ್ದ ಇದೆ, ಎಲ್ಲ ಬಾಯಿಪಾಠ ಮಾಡುವುದು ದಂಡ. ದಿನಬಳಕೆಯವು ಸಾಕು. 'ಗೆಟ್ ಅಪ್' ಏಳು. 'ಗೆಟ್ ಬ್ಯಾಕ್' ವಾಪಸ್ ಬಾ. 'ಗೆಟ್ ಅಲಾಂಗ್' ಹೊಂದಿಕೊಂಡು ಹೋಗು. 'ಗೆಟ್ ಬೈ' ಹೇಗೋ ದಿನ ದೂಡು. 'ಗೆಟ್ ಓವರ್' ದುಃಖದಿಂದಲೋ ಕಾಯಿಲೆಯಿಂದಲೋ ಚೇತರಿಸಿಕೊ. 'ಗೆಟ್ ರಿಡ್ ಆಫ್' ಪೀಡೆ ತೊಲಗಿಸು. 'ಗೆಟ್ ಅವೇ ವಿತ್' ತಪ್ಪು ಮಾಡಿಯೂ ಶಿಕ್ಷೆ ಇಲ್ಲದೆ ಪಾರಾಗು.

ವಾಹನದ ವಿಷಯ ಒಂದು ಮಾತು. ಬಸ್ಸು, ರೈಲು, ವಿಮಾನಕ್ಕೆ 'ಗೆಟ್ ಆನ್, ಗೆಟ್ ಆಫ್'. ಕಾರು, ಟ್ಯಾಕ್ಸಿಗೆ 'ಗೆಟ್ ಇನ್, ಗೆಟ್ ಔಟ್'. ಒಳಗೆ ಎದ್ದು ಓಡಾಡಬಹುದಾದರೆ ಆನ್, ಬಗ್ಗಿ ನುಸುಳಿ ಕೂರಬೇಕಾದರೆ ಇನ್. "ಬಸ್ಸಿಂದ ಗೆಟ್ ಡೌನ್" ನಮ್ಮ 'ಇಳಿ'ಯ ನೇರ ನಕಲು. ನಮ್ಮಲ್ಲಿ ಎಲ್ಲರಿಗೂ ತಿಳಿಯುತ್ತದೆ. ಹೊರಗಿನವರಿಗೆ ಅದು 'ತಲೆ ತಗ್ಗಿಸು, ಬಗ್ಗು' ಅಂತ ಕೂಗಿದ ಹಾಗೆ ಕೇಳಬಹುದು.

ಹೆಜ್ಜೆ 8: ಸಮಾನಾರ್ಥಕ ಪದ ಹುಡುಕುವುದು

ಈಗ ನಿಜವಾದ ಪ್ರಶ್ನೆ. ಗೆಟ್ ಬದಲು ಯಾವ ಪದ ಹಾಕಬಹುದು? ಮೊದಲು ಅರ್ಥ ತೀರ್ಮಾನಿಸಿ, ಆಮೇಲೆ ಪದ ಹುಡುಕಿ. ಉಲ್ಟಾ ಮಾಡಿದವರೇ "ಐ ರಿಸೀವ್ಡ್ ಆಂಗ್ರಿ" ಅಂತ ಬರೆಯುವುದು.

'ಸಿಗು' ಗುಂಪಿನಲ್ಲಿ ಪದಗಳು ಜಾಸ್ತಿ, ಛಾಯೆಗಳೂ ಜಾಸ್ತಿ. ರಿಸೀವ್ ಅಂದರೆ ಇನ್ನೊಬ್ಬರು ಕಳಿಸಿದ್ದು ಬಂದು ತಲುಪಿತು, ನಿಮ್ಮ ಶ್ರಮ ಇಲ್ಲ. ಅಬ್ಟೇನ್ ಅಂದರೆ ಓಡಾಡಿ, ಕೇಳಿ, ಪ್ರಯತ್ನಪಟ್ಟು ಪಡೆದದ್ದು: ಅನುಮತಿ, ದಾಖಲೆ, ಮಾಹಿತಿ. ಅಕ್ವೈರ್ ಅಂದರೆ ಕಾಲಕ್ರಮದಲ್ಲಿ ಬಂದು ಉಳಿದದ್ದು: ಭಾಷೆ, ಕೌಶಲ, ಆಸ್ತಿ. ಅರ್ನ್ ಅಂದರೆ ದುಡಿದು ಗಳಿಸಿದ್ದು. ಸಂಬಳಕ್ಕೂ ಸರಿ, ಗೌರವಕ್ಕೂ ಸರಿ. ಸೆಕ್ಯೂರ್ ಅಂದರೆ ಪೈಪೋಟಿಯ ನಡುವೆ ಕೈ ಜಾರದಂತೆ ಹಿಡಿದದ್ದು. ಪ್ರೊಕ್ಯೂರ್ ಕಚೇರಿ ಕಡತದ ಪದ, ಮನೆಗೆ ಪೆನ್ಸಿಲ್ ತರುವಾಗ ಅದನ್ನು ಎಳೆದು ತರಬೇಡಿ.

ಉಳಿದ ಗುಂಪುಗಳು ಚಿಕ್ಕವು. 'ತಂದುಕೊಡು' ಅರ್ಥಕ್ಕೆ ಫೆಚ್ ಅಥವಾ ಬ್ರಿಂಗ್, ಕೊಳ್ಳುವುದಕ್ಕೆ ಬೈ, ತಲುಪುವುದಕ್ಕೆ ರೀಚ್ ಅಥವಾ ಅರೈವ್, ಒಪ್ಪಿಸುವುದಕ್ಕೆ ಪರ್ಸುಯೇಡ್, ತಿಳಿಯುವುದಕ್ಕೆ ಅಂಡರ್‌ಸ್ಟ್ಯಾಂಡ್. 'ಆಗು' ಅರ್ಥಕ್ಕೆ ಬಿಕಮ್. ಆದರೆ ಇಂಗ್ಲಿಷ್ ಇಲ್ಲಿ ಸ್ವಲ್ಪ ಹಟಮಾರಿ: ತಲೆ ಬೋಳಾಗುವುದಕ್ಕೆ 'ಗೋ ಬಾಲ್ಡ್', ಮುಖ ಕೆಂಪಾಗುವುದಕ್ಕೆ 'ಟರ್ನ್ ರೆಡ್', ನಿದ್ದೆ ಹೋಗುವುದಕ್ಕೆ 'ಫಾಲ್ ಅಸ್ಲೀಪ್'. ಇವು ಜೋಡಿಯಾಗಿಯೇ ಕಲಿಯಬೇಕಾದವು.

ಥೆಸಾರಸ್, ಅಂದರೆ ಸಮಾನಾರ್ಥಕ ಪದಗಳ ಕೋಶ, ಬಳಸುವವರಿಗೆ ಒಂದು ಮಾತು. ಪೀಟರ್ ಮಾರ್ಕ್ ರೋಜೆಟ್ ಎಂಬ ವೈದ್ಯ 1852ರಲ್ಲಿ ತನ್ನ ಪ್ರಸಿದ್ಧ ಥೆಸಾರಸ್ ಪ್ರಕಟಿಸಿದಾಗ ಪದಗಳನ್ನು ಜೋಡಿಸಿದ್ದು ಪರಿಕಲ್ಪನೆಗಳ ಗುಂಪುಗಳಾಗಿ. ಒಂದೇ ಗುಂಪಿನಲ್ಲಿವೆ ಎಂದ ಮಾತ್ರಕ್ಕೆ ಒಂದರ ಬದಲು ಇನ್ನೊಂದು ಕೂರುತ್ತದೆ ಅಂತಲ್ಲ. ಅಲ್ಲಿ ಸಿಕ್ಕ ಪದವನ್ನು ಲರ್ನರ್ಸ್ ಡಿಕ್ಷನರಿಯಲ್ಲಿ ಇನ್ನೊಮ್ಮೆ ನೋಡಿ, ವಾಕ್ಯ ಓದಿ, ಆಮೇಲೆ ಬಳಸಿ.

ಎಲ್ಲ ಕಡೆ ಗೆಟ್ ತೆಗೆದು ದೊಡ್ಡ ಪದ ತುರುಕುವುದೂ ಒಂದು ಕಾಯಿಲೆಯೇ. ಗೆಟ್ ಬಂದದ್ದು ಸ್ಕ್ಯಾಂಡಿನೇವಿಯಾದಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದವರ ಹಳೆಯ ನಾರ್ಸ್ ಭಾಷೆಯಿಂದ. ಅದು ಮನೆಮಾತಿನ ಪದ. ರಿಸೀವ್, ಅಬ್ಟೇನ್, ಅಕ್ವೈರ್ ಲ್ಯಾಟಿನ್ ಬೇರಿನವು, ಫ್ರೆಂಚ್ ದಾರಿಯಲ್ಲಿ ಬಂದವು. ಅದಕ್ಕೇ ಅವುಗಳಿಗೆ ಕಚೇರಿಯ ಗತ್ತು. ನಮ್ಮಲ್ಲೂ 'ಟಿಕೆಟ್ ಸಿಕ್ತು' ಅನ್ನುವವರು 'ಟಿಕೆಟ್ ಪ್ರಾಪ್ತವಾಯಿತು' ಅಂದರೆ ಹೇಗಿರುತ್ತದೆ? ಗೆಳೆಯರಿಗೆ ಮೆಸೇಜ್ ಮಾಡುವಾಗ "ಗಾಟ್ ಇಟ್" ಸಾಕು. ಅರ್ಜಿ, ವರದಿ, ಪರೀಕ್ಷೆಯ ಪ್ರಬಂಧದಲ್ಲಿ ಮಾತ್ರ ಗೆಟ್ ಕಡಿಮೆ ಮಾಡಿ.

ಹೆಜ್ಜೆ 9: ಕೈಯಾರೆ ಮಾಡಿ ನೋಡಿ

ಈ ಐದು ವಾಕ್ಯಗಳನ್ನು ಇಂಗ್ಲಿಷಿಗೆ ತನ್ನಿ. ಉತ್ತರವನ್ನು ಕೈಯಿಂದ ಮುಚ್ಚಿಕೊಳ್ಳಿ.

ಒಂದು, ಫೋನ್ ರಿಪೇರಿ ಮಾಡಿಸಬೇಕು.
ಎರಡು, ಕತ್ತಲಾಗ್ತಿದೆ.
ಮೂರು, ಅವನನ್ನು ಬರೋಕೆ ಒಪ್ಪಿಸು.
ನಾಲ್ಕು, ಅವರಿಬ್ಬರಿಗೂ ಆಗಿಬರಲ್ಲ.
ಐದು, ಅವಳು ಕೊನೆಗೂ ಲಾಯರ್ ಆದಳು.

ಉತ್ತರಗಳು: "ಐ ಹ್ಯಾವ್ ಟು ಗೆಟ್ ಮೈ ಫೋನ್ ರಿಪೇರ್ಡ್." "ಇಟ್ ಈಸ್ ಗೆಟಿಂಗ್ ಡಾರ್ಕ್." "ಗೆಟ್ ಹಿಮ್ ಟು ಕಮ್." "ದೇ ಡೋಂಟ್ ಗೆಟ್ ಅಲಾಂಗ್." ಐದನೆಯದಕ್ಕೆ ಗಾಟ್ ಬರೆದಿದ್ದರೆ ಅವಳು ಲಾಯರ್ ಆಗಲಿಲ್ಲ, ಒಬ್ಬ ಲಾಯರನ್ನು ಗೊತ್ತುಮಾಡಿಕೊಂಡಳು ಅಷ್ಟೇ. ಹೆಜ್ಜೆ 3ರ ಕೊನೆಯ ಪ್ಯಾರಾ ಇನ್ನೊಮ್ಮೆ ಓದಿ.